ಹೆದ್ದಾರಿ ಪಕ್ಕದ 224 ಕುರ್ಚಿಗಳು

ಡಿಸೆಂಬರಿನಲ್ಲಿ ವಿಧಾನಮಂಡಲದ ಅಧಿವೇಶನ ನೋಡಲು ಬೆಳಗಾವಿಗೆ ಹೊರಡುವವರು ಮೊದಲು ಯೋಚಿಸಬೇಕಾದ್ದು ಕೋಣೆಯ ಬಗ್ಗೆ. ಶಾಸಕರ ಹಿಂದೆಯೇ ಸಚಿವಾಲಯದ ಸಿಬ್ಬಂದಿ, ಪೊಲೀಸರು, ಪತ್ರಕರ್ತರು ಎಲ್ಲರೂ ಬಂದಿಳಿಯುವುದರಿಂದ ಊರಿನ ಲಾಡ್ಜುಗಳು ಆ ದಿನಗಳಲ್ಲಿ ತುಂಬಿರುತ್ತವೆ. ಧಾರವಾಡದಲ್ಲಿ ಉಳಿದು ಬೆಳಿಗ್ಗೆ ಬಸ್ಸು ಹಿಡಿಯುವುದೇ ಲೇಸು. ಸುವರ್ಣ ವಿಧಾನಸೌಧ ಇರುವುದು ಹಲಗಾ-ಬಸ್ತವಾಡದ ಹತ್ತಿರ, ಹೆದ್ದಾರಿಗೆ ಅಂಟಿಕೊಂಡು. ಧಾರವಾಡದ ಕಡೆಯಿಂದ ಬಂದರೆ ಊರಿಗಿಂತ ಮೊದಲೇ ಕಾಣುತ್ತದೆ. ಕಂಡಕ್ಟರಿಗೆ ಮೊದಲೇ ಹೇಳಿಡದಿದ್ದರೆ ಬಸ್ಸು ನಿಲ್ಲದೆ ಸಿಟಿಗೆ ಹೋಗಿಬಿಡುತ್ತದೆ, ಅಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್ ವಾಪಸ್ ಬರಬೇಕು.

ದಾರಿಯಲ್ಲಿ ಬಸ್ತವಾಡ, ಕೊಂಡಸಕೊಪ್ಪದ ಬಳಿ ಪ್ರತಿಭಟನೆಯ ಟೆಂಟುಗಳು. ಕಬ್ಬಿನ ಬೆಲೆ, ಮೀಸಲಾತಿ, ಅತಿಥಿ ಉಪನ್ಯಾಸಕರ ಕಾಯಂ. ಒಳಗೆ ಏನು ಚರ್ಚೆಯಾಗಬೇಕಿತ್ತು ಎಂಬುದರ ಪಟ್ಟಿ ಇಲ್ಲೇ ಸಿಗುತ್ತದೆ.

ಗ್ಯಾಲರಿಗೆ ಪಾಸು ಬೇಕು. ನಿಮ್ಮ ಕ್ಷೇತ್ರದ ಶಾಸಕರ ಪತ್ರ, ಜೊತೆಗೆ ಮೂಲ ಗುರುತಿನ ಚೀಟಿ ಇಟ್ಟುಕೊಳ್ಳಿ. ಪಾಸು ವಿಧಾನಸಭೆಯದೋ ಪರಿಷತ್ತಿನದೋ ನೋಡಿಕೊಳ್ಳಿ. ಮೊಬೈಲು, ಚೀಲ ಹೊರಗೇ ಬಿಡಬೇಕು. 2023ರ ಡಿಸೆಂಬರ್ 13ರಂದು ಲೋಕಸಭೆಯ ಗ್ಯಾಲರಿಯಿಂದ ಇಬ್ಬರು ಸದನಕ್ಕೆ ಜಿಗಿದರಲ್ಲ, ಆಗ ಇಲ್ಲೂ ಅಧಿವೇಶನ ನಡೆದಿತ್ತು. ಆಮೇಲೆ ತಪಾಸಣೆ ಇನ್ನಷ್ಟು ಬಿಗಿಯಾಗಿದೆ.

ಒಳಗೆ ಕೂತ ಮೇಲೆ ಒಂದು ಗೊಂದಲ ಖಂಡಿತ. ಆಡಳಿತ ಪಕ್ಷ ಬಲಗಡೆ, ವಿರೋಧ ಪಕ್ಷ ಎಡಗಡೆ ಎಂದು ಓದಿರುತ್ತೇವೆ. ಅದು ಸಭಾಧ್ಯಕ್ಷರ ಬಲ, ಅವರ ಎಡ. ಪೀಠಕ್ಕೆ ಎದುರಾಗಿ ಕೂತವರಿಗೆ ಎಲ್ಲ ತಿರುಗುಮುರುಗು. ಒಂದು ಪಕ್ಷದ ಬಲ ವಿಧಾನಸಭೆಯ 224 ಸ್ಥಾನಗಳ ಅರ್ಧವಾದ 112ನ್ನು ದಾಟಿದ್ದರೆ ಅದರ ಸದಸ್ಯರು ಅರ್ಧ ಸದನದಲ್ಲಿ ಹಿಡಿಸುವುದೂ ಇಲ್ಲ. ಹಾಗಾಗಿ ಕೂತ ಜಾಗ ನೋಡಿ ಪಕ್ಷ ಊಹಿಸಲು ಹೋಗಬೇಡಿ.

ಎಣಿಕೆಗೆ ಬರೋಣ. 2023ರ ಮೇ ಫಲಿತಾಂಶದಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಉಳಿದವರು 4. ಅನೇಕರು ಇವತ್ತಿಗೂ ಇದೇ ಅಂಕಿ ಹೇಳುತ್ತಾರೆ, ಅದು ಹಳತು. 2024ರ ಮಾರ್ಚಿನಲ್ಲಿ ಗಂಗಾವತಿಯ ಜನಾರ್ದನ ರೆಡ್ಡಿ ತಮ್ಮ ಪಕ್ಷವನ್ನು ಬಿಜೆಪಿಯಲ್ಲಿ ವಿಲೀನ ಮಾಡಿದರು. ನವೆಂಬರಿನ ಉಪಚುನಾವಣೆಯಲ್ಲಿ ಚನ್ನಪಟ್ಟಣವನ್ನು ಜೆಡಿಎಸ್‌ನಿಂದಲೂ ಶಿಗ್ಗಾವಿಯನ್ನು ಬಿಜೆಪಿಯಿಂದಲೂ ಕಾಂಗ್ರೆಸ್ ಕಿತ್ತುಕೊಂಡಿತು, ಸಂಡೂರನ್ನು ಉಳಿಸಿಕೊಂಡಿತು. ಅದೇ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸದನ ಸೇರಿದಾಗ ಲೆಕ್ಕ 137, 66, 18. ಜೊತೆಗೆ ಸರ್ವೋದಯ ಕರ್ನಾಟಕದ ಒಬ್ಬರು, ಪಕ್ಷೇತರರು ಇಬ್ಬರು. 2025ರಲ್ಲಿ ಬಿಜೆಪಿ ಮೊದಲು ಯತ್ನಾಳರನ್ನು, ಮೇ ತಿಂಗಳಲ್ಲಿ ಎಸ್.ಟಿ. ಸೋಮಶೇಖರ್ ಮತ್ತು ಶಿವರಾಮ ಹೆಬ್ಬಾರರನ್ನು ಉಚ್ಚಾಟಿಸಿತು. ಉಚ್ಚಾಟನೆಯಿಂದ ಶಾಸಕತ್ವ ಹೋಗುವುದಿಲ್ಲ. ತಾವಾಗಿ ಪಕ್ಷ ಬಿಟ್ಟರೆ, ಇಲ್ಲವೇ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೆ ಮಾತ್ರ ಅನರ್ಹತೆಯ ಭಯ. ಸೋಮಶೇಖರ್, ಹೆಬ್ಬಾರ್ ಇಬ್ಬರೂ ಕಾಂಗ್ರೆಸ್ ಕಡೆ ವಾಲಿದ್ದು ಗೊತ್ತಿದ್ದೂ ಪಕ್ಷ ವರ್ಷಕ್ಕೂ ಮೇಲೆ ಸುಮ್ಮನಿದ್ದದ್ದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ ಎನಿಸುತ್ತದೆ.

ಬಹುಮತ ಎಂದರೆ 113 ಎಂದು ಬಾಯಿಪಾಠ ಮಾಡಿದವರೂ ಎಡವುತ್ತಾರೆ. ವಿಶ್ವಾಸಮತಕ್ಕೆ ಬೇಕಾದ್ದು ಅಂದು ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನವರು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿದ್ದದ್ದು ಹಾಗೆಯೇ. ಎರಡೂ ಕಡೆ 113 ಇರಲಿಲ್ಲ.

ಆತಿಥೇಯ ಜಿಲ್ಲೆಯ ಲೆಕ್ಕ ಬೇರೆಯೇ ಸ್ವಾರಸ್ಯ. ಬೆಳಗಾವಿಗೆ 18 ಕ್ಷೇತ್ರ. 2023ರಲ್ಲಿ ಕಾಂಗ್ರೆಸ್ 11, ಬಿಜೆಪಿ 7. ಮಹಾರಾಷ್ಟ್ರದ ಜೊತೆಗಿನ ಗಡಿ ತಂಟೆಯ ಕಾರಣಕ್ಕೇ 2006ರಲ್ಲಿ ಇಲ್ಲಿ ಮೊದಲ ಅಧಿವೇಶನ ನಡೆಯಿತು, 2012ರ ಅಕ್ಟೋಬರ್ 11ರಂದು ಈ ಕಟ್ಟಡ ಉದ್ಘಾಟನೆಯಾಯಿತು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ, 2013ರಲ್ಲಿ ಇಬ್ಬರನ್ನು ಗೆಲ್ಲಿಸಿಕೊಂಡಿದ್ದ ಎಂಇಎಸ್‌ಗೆ (ಮಹಾರಾಷ್ಟ್ರ ಏಕೀಕರಣ ಸಮಿತಿ) 2018ರಲ್ಲೂ ಸೊನ್ನೆ, 2023ರಲ್ಲೂ ಸೊನ್ನೆ.

ಪರಿಷತ್ತಿನ ಗ್ಯಾಲರಿ ಬಿಡಬೇಡಿ. 75 ಸದಸ್ಯರು: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗ ನಿವೃತ್ತಿ. ಹೀಗಾಗಿ ಕೆಳಮನೆ ಗೆದ್ದ ಪಕ್ಷಕ್ಕೆ ಮೇಲ್ಮನೆ ಕೈಗೆ ಸಿಗಲು ವರ್ಷಗಳೇ ಬೇಕಾಗಬಹುದು, ಅಷ್ಟರಲ್ಲಿ ಮಸೂದೆಗಳು ಇಲ್ಲಿ ಮುಗ್ಗರಿಸುತ್ತವೆ.

ಈ 7 ಪದವೀಧರ ಸ್ಥಾನಗಳಲ್ಲೇ ಜನ ಹೆಚ್ಚು ಮೋಸಹೋಗುವುದು. ಕಳೆದ ಸಲ ಹೆಸರಿತ್ತು, ಈ ಸಲವೂ ಇರುತ್ತದೆ ಎಂದು ಕೂತರೆ ಮತ ಹೋಯಿತು. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿಯೇ ತಯಾರಾಗುತ್ತದೆ. ಪದವಿ ಮುಗಿದು ನವೆಂಬರ್ 1ಕ್ಕೆ ಮೂರು ವರ್ಷ ಆಗಿರಬೇಕು. ಹೆಸರು ಸೇರಿಸಲು ಪದವೀಧರರಿಗೆ ಅರ್ಜಿ ನಮೂನೆ 18, ಶಿಕ್ಷಕರಿಗೆ 19. ಮತಗಟ್ಟೆಯಲ್ಲಿ ಅವರು ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲಿ ಹೆಸರಿನ ಮುಂದೆ 1 ಎಂದು ಬರೆಯಬೇಕು. ಸ್ವಂತ ಪೆನ್ನು ತೆಗೆದರೆ, ರೈಟ್ ಮಾರ್ಕ್ ಹಾಕಿದರೆ, ಸಹಿ ಹಾಕಿದರೆ ಮತ ತಿರಸ್ಕೃತ. ಡಿಗ್ರಿ ಇದ್ದವರ ಈ ಚುನಾವಣೆಯಲ್ಲೂ ಕುಲಗೆಟ್ಟ ಮತಗಳಿಗೆ ಬರವಿಲ್ಲ.

ಸಾಧ್ಯವಾದರೆ ಮಧ್ಯಾಹ್ನ ಊಟದ ನಂತರವೂ ಒಮ್ಮೆ ಕೂತು ನೋಡಿ. ಕೋರಂಗೆ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ವಿಧಾನಸಭೆಯಲ್ಲಿ 23, ಪರಿಷತ್ತಿನಲ್ಲಿ 10 ತಲೆ ಸಾಕು. ಅಷ್ಟೂ ಇಲ್ಲದಿದ್ದರೆ ಗಂಟೆ ಬಾರಿಸುತ್ತದೆ, ಮೊಗಸಾಲೆಯಿಂದ ಒಬ್ಬೊಬ್ಬರೇ ಕುರ್ಚಿಗೆ ಮರಳುತ್ತಾರೆ. ತಲೆ ಎಣಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.