ಸೆತೀಫ್‌ನಲ್ಲಿ ಒಂದು ಮಧ್ಯಾಹ್ನ

ಕೆಲಸದ ಮೇಲೆ ಅಲ್ಜೀರಿಯಾಕ್ಕೆ ಹೋದಾಗ ಸೆತೀಫ್ ಊರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಖಾಲಿ ಸಿಕ್ಕಿತು. ಬೆಟ್ಟದ ಮೇಲಿನ ಊರು, ಕೊರೆಯುವ ಗಾಳಿ. ಐನ್ ಫುವಾರಾ ಕಾರಂಜಿಯ ಹತ್ತಿರ ಕಚೇರಿಯ ಹಿರಿಯರೊಬ್ಬರು ಕಾಫಿ ಕೊಡಿಸಿದರು. ಓದಿನ ಹುಚ್ಚಿನವರು. ನಾನು ಸ್ವಲ್ಪ ಜಂಬದಿಂದಲೇ, "ನಿಮ್ಮ ಲೇಖಕ ಯಾಸಿನ್ ಅವರ 'ನೆಜ್ಮಾ' ಕಾದಂಬರಿ ಓದಿದ್ದೀನಿ" ಅಂದೆ. ಅರ್ಧಕ್ಕೇ ಬಿಟ್ಟಿದ್ದೆ ಅಂತ ಹೇಳಲಿಲ್ಲ. ಒಬ್ಬಳು ಹೆಣ್ಣು, ನಾಲ್ವರು ಗೆಳೆಯರು, ಹಿಂದೆ ಮುಂದೆ ಓಡಾಡುವ ಕಥೆ. ಈಗ ಮಾತಾಡ್ತಿರೋದು ಯಾರು ಅಂತ ಹುಡುಕೋದ್ರಲ್ಲೇ ಸುಸ್ತಾಗಿದ್ದೆ.

ಅವರು ನಕ್ಕರು. "ಕಾತೆಬ್ ಯಾಸಿನ್ ಅನ್ನಿ. ಕಾತೆಬ್ ಅನ್ನೋದು ಮನೆತನದ ಹೆಸರು. ಅರಬ್ಬಿಯಲ್ಲಿ ಬರಹಗಾರ ಅಂತಲೇ ಅರ್ಥ."

ಆಮೇಲೆ ಎದುರಿನ ರಸ್ತೆ ತೋರಿಸಿದರು. 1945ರ ಮೇ 8, ಮಂಗಳವಾರ, ಸಂತೆಯ ದಿನ. ಯೂರೋಪಿನಲ್ಲಿ ಯುದ್ಧ ಮುಗಿದ ಸಂಭ್ರಮ. ಆಗ ಅಲ್ಜೀರಿಯಾ ಫ್ರೆಂಚರ ಕೈಯಲ್ಲಿತ್ತು. ನಮಗೂ ಸ್ವಾತಂತ್ರ್ಯ ಕೊಡಿ ಅಂತ ಇಲ್ಲಿನ ಜನ ಮೆರವಣಿಗೆ ಹೊರಟರು. ಬಾವುಟ ಹಿಡಿದಿದ್ದ ಬೂಜಿದ್ ಸಾಲ್ ಅನ್ನೋ ಯುವಕ ಪೊಲೀಸರ ಗುಂಡಿಗೆ ಬಿದ್ದ. ಆಮೇಲೆ ವಾರಗಟ್ಟಲೆ ಸುತ್ತಲಿನ ಹಳ್ಳಿಗಳಲ್ಲಿ ಕೊಲೆ. ಸತ್ತವರು 45,000 ಅನ್ನುತ್ತದೆ ಅಲ್ಜೀರಿಯಾ.

ಇದೇ ಊರಲ್ಲಿ ಓದುತ್ತಿದ್ದ ಯಾಸಿನ್‌ಗೆ ಆಗ 15 ವರ್ಷ. ಅವನನ್ನೂ ಹಿಡಿದು ಜೈಲಿಗೆ ಹಾಕಿದರು. ಮಗ ಸತ್ತೇಹೋದ ಅಂದುಕೊಂಡ ತಾಯಿಗೆ ಬುದ್ಧಿಭ್ರಮಣೆಯಾಯಿತು.

ಆ ತಾಯಿಯ ಇನ್ನೊಂದು ವಿಷಯ ಹೇಳಿದರು. ಅದೇ ನನ್ನನ್ನು ಹಿಡಿದುಬಿಟ್ಟಿತು. ಅಪ್ಪ ಚಿಕ್ಕಂದಿನಲ್ಲೇ ಯಾಸಿನ್‌ನನ್ನು ಫ್ರೆಂಚ್ ಶಾಲೆಗೆ ಸೇರಿಸಿದ್ದರು. ಮಗ ಪುಸ್ತಕದಲ್ಲೇ ಮುಳುಗಿರೋದನ್ನು ನೋಡಿ ಅಮ್ಮ ಒಂದು ದಿನ, ನನಗೂ ಫ್ರೆಂಚ್ ಹೇಳಿಕೊಡು ಅಂದರಂತೆ. ಮುಂದೆ ಯಾಸಿನ್ ಇದನ್ನು ಬರೆದುಕೊಂಡಿದ್ದಾರೆ. 'ನೆಜ್ಮಾ' ಬಂದದ್ದು 1956ರಲ್ಲಿ, ಸ್ವಾತಂತ್ರ್ಯಯುದ್ಧದ ನಡುವೆ, ಪ್ಯಾರಿಸ್ಸಿನಲ್ಲಿ, ಫ್ರೆಂಚಿನಲ್ಲಿ. ಆ ಭಾಷೆ ಯುದ್ಧದಲ್ಲಿ ನಾವು ಹೊಡೆದುಕೊಂಡ ಲೂಟಿ ಅನ್ನುತ್ತಿದ್ದರು. ಅಷ್ಟು ಹೆಸರು ಬಂದಮೇಲೂ 1970ರ ದಶಕದಲ್ಲಿ ಯಾಸಿನ್, ಜನ ಬೀದಿಯಲ್ಲಾಡುವ ಅರಬ್ಬಿಗೆ ಹೊರಳಿದರು. ಆ ಮಾತಲ್ಲೇ ನಾಟಕ ಕಟ್ಟಿ ಕಾರ್ಖಾನೆ, ಹಳ್ಳಿ ಅಂತ ತಿರುಗಿದರು. ಅಲ್ಲಿನ ಮೂಲನಿವಾಸಿಗಳ ಬರ್ಬರ್ ಭಾಷೆಗೂ ಹೆಣ್ಣುಮಕ್ಕಳ ಹಕ್ಕಿಗೂ ದನಿ ಎತ್ತಿ ಸಾಕಷ್ಟು ವಿರೋಧ ಕಟ್ಟಿಕೊಂಡರು. ತೀರಿಕೊಂಡದ್ದು 1989ರಲ್ಲಿ.

ಕಾಫಿ ಆರಿಹೋಗಿತ್ತು. ನನಗೆ ನನ್ನ ಶಾಲೆಯ ಡೈರಿ ನೆನಪಾಯಿತು. ಅದರಲ್ಲಿ ಟೀಚರ್ ಕೆಂಪು ಇಂಕಲ್ಲಿ, ಇಂಗ್ಲಿಷಲ್ಲಿ ದೂರು ಬರೆಯೋರು. ಅಮ್ಮನಿಗೆ ಇಂಗ್ಲಿಷ್ ಬಾರದು. "ಏನಂತೋ?" ಅಂದರೆ, "ಚೆನ್ನಾಗಿ ಓದ್ತಾನೆ ಅಂತೆ" ಅಂತಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಖುಷಿಯಿಂದ, ದುಂಡಗೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದಳು.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಯಾಸಿನ್ ಕಥೆ ಹೇಳಿದೆ. ಡೈರಿ ವಿಷಯ ಮಾತ್ರ ಈಗಲೂ ಬಾಯಿಬಿಡಲಿಲ್ಲ. ಅವಳು ಸುಮ್ನೆ ಕೇಳಿಸಿಕೊಂಡಳು. ಆಮೇಲೆ ನಗುತ್ತಾ ಅಂದಳು: "ನಾನೂ ಕೇಳಿದ್ದೆ ಕಣೋ, ಎಬಿಸಿಡಿ ಹೇಳಿಕೊಡು ಅಂತ. ನೀನು ಆಟಕ್ಕೆ ಓಡಿಹೋದೆ."