ಹುಲಿಯನ ಸಲುವಾಗಿ ಒಂದು ಜಗಳ

ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ನಾ ಮೂರು ಸಲ ಅರ್ಧಕ್ಕ ಬಿಟ್ಟೀನ್ರಿ. ಅರ್ಧ ಅನ್ನೂದೂ ಸುಳ್ಳು, ಒಮ್ಮೆನೂ 60ನೇ ಪುಟ ದಾಟಿದ್ದಿಲ್ಲ. ಎರೀ ಹೊಲದಾಗ ನಿಂತ್ರ ಪಕ್ಕದೂರಿನ ಗುಡಿ ಶಿಖರ ಕಾಣೋ ಸೀಮ್ಯಾಗ ಬೆಳದಾಂವ ನಾ, ಅಲ್ಲಿ ನೋಡಿದ್ರ ಕಾಡು, ಮಳಿ, ಇಂಬಳ, ಮ್ಯಾಲ ಸಿಂಬಾವಿ ಅಂತ, ಬೆಟ್ಟಳ್ಳಿ ಅಂತ, ಹಳೆಮನೆ, ಕೋಣೂರು, ಯಾರ ಮನಿ ಯಾವುದು ಅಂತ ಹಿಂದಿನ ಪುಟ ತಿರುವೋದ್ರಾಗ ನಿದ್ದಿ ಬರ್ತಿತ್ತು. ಟೈಟಲ್ ನೋಡಿ ಮದುಮಗಳು ಯಾವಾಗ ಬರ್ತಾಳ, ಹೀರೋ ಯಾರು ಅಂತ ಕಾಯ್ಕೋತ ಕುಂತಿರ್ತಿದ್ದೆ, ಅದಽ ತಪ್ಪಾಗಿತ್ತು.

ಹೋದ ವರ್ಷ ಜುಲೈದಾಗ ಒಂದ್ ದಿನ ಜಿಟಿಜಿಟಿ ಮಳ್ಯಾಗ ಚಿಗರಿ ಬಸ್ ಹಿಡದು ಹುಬ್ಬಳ್ಳಿಯಿಂದ ಧಾರವಾಡಕ್ಕ ಹೋದೆ, ಸುಭಾಸ್ ರೋಡಿನ್ಯಾಗ ವಿಮರ್ಶಕ ಕುರ್ತಕೋಟಿಯವರ 'ಯುಗಧರ್ಮ ಹಾಗೂ ಸಾಹಿತ್ಯದರ್ಶನ' ತಗೊಂಡೆ. ನಮ್ಮ ಗದಗಿನ ಮನಷ್ಯಾ, ಮದುಮಗಳನ್ನ ನನಗ ತಿಳಿಸಿ ಹೇಳ್ತಾನ ಅನ್ನೋ ಧೈರ್ಯ! ಅಲ್ಲೇ ಒಂದು ಹೋಟೆಲ್‌ದಾಗ ಚಾ ಕುಡ್ಕೋತ ಹುಡುಕಿದ್ದಽ ಹುಡುಕಿದ್ದು, ಆಮ್ಯಾಲ ಹೊಳೀತು, ಈ ಪುಸ್ತಕ ಬಂದದ್ದು 1962ಕ್ಕ, ಮದುಮಗಳು ಬಂದದ್ದು 1967ಕ್ಕ. ಹುಟ್ಟದಽ ಇರೋ ಕೂಸಿನ ಜಾತಕ ಕೇಳಿಧಂಗಾತು.

ಮಾಳಮಡ್ಡಿಯೊಳಗ ನಮ್ಮ ಹಳೇ ಕನ್ನಡ ಸರ್ ಅದಾರ, ರಿಟೈರ್ ಆಗಿ ಭಾಳ ವರ್ಷಾತು. ಅವರ ಮನಿಗೆ ಹೋಗಿ ಇದನ್ನ ಹೇಳಿದ್ರ ಹೊಟ್ಟಿ ಹಿಡ್ಕೊಂಡು ನಕ್ರು. "ಸಿದ್ಧಾರೂಢರ ಜಾತ್ರಿಗೆ ಹೋಗಿ ಇಲ್ಲಿ ಹೀರೋ ಯಾರು ಅಂತ ಕೇಳ್ತೀಯೇನೋ?" ಅಂದ್ರು. ಆಮ್ಯಾಲ ಟ್ರಂಕ್ ತೆಗದು ಯಾರೋ ಬರದ ಒಂದು ವಿಮರ್ಶೆಯ ಝೆರಾಕ್ಸ್ ಕೊಟ್ರು, ಅಂಚೆಲ್ಲ ಹಳದಿ ಆಗಿತ್ತು.

ವಾಪಸ್ ಬರೋ ಬಸ್ಸಿನ್ಯಾಗ ಓದಿದೆ. ಒಬ್ಬ ನಾಯಕನ ಸುತ್ತ ಕಟ್ಟಿದ ಕಥಿ ಅಲ್ಲ ಇದು, ಜೀತದಾಳು ನಾಯಿಗುತ್ತಿ ಊರಿಂದೂರಿಗೆ ಅಡ್ಡಾಡೋ ದಾರಿ ಹಿಡ್ಕೊಂಡು ಹೋಗ್ರಿ, ಗೌಡ್ರ ಮನಿ, ಜೀತದವರ ಗುಡಿಸಲು, ಪಾದ್ರಿ ಮಾತು ಎಲ್ಲಾ ಒಂದಕ್ಕೊಂದು ಹೆಣಕೊಂಡದ್ದು ಕಾಣ್ತೈತಿ, ಪ್ರೀತಿ ಮಾಡಿ ಓಡಿಹೋಗೋ ಗುತ್ತಿ-ತಿಮ್ಮಿಯ ಓಟಕ್ಕೂ ಮುಕುಂದಯ್ಯ-ಚಿನ್ನಮ್ಮನ ಓಟಕ್ಕೂ ತೂಕ ಒಂದಽ ಅಂತಿತ್ತು. ನವನಗರ ಬರೋದ್ರಾಗ ತಲ್ಯಾಗ ಲೈಟ್ ಹತ್ತಿಧಂಗಾತು. ಉಣಕಲ್ ಬಂದಾಗ ಸಿಟ್ಟೂ ಬಂತು, ಯಾಕಂದ್ರ ಕಡೀಕ ತುಂಗೆಯ ನೆರ್ಯಾಗ ಗುತ್ತಿಯ ನಾಯಿ ಹುಲಿಯ ಹೋಗಿಬಿಡ್ತೈತಿ ಅನ್ನೋದನ್ನೂ ಆ ಮಹಾರಾಯ ಅಡ್ಡಮಾತಿನ್ಯಾಗ ಒದರಿಬಿಟ್ಟಿದ್ದ.

ಈ ಸಲ ಪೂರಾ ಓದಿದೆ, ಮೂರು ವಾರ ಹಿಡೀತು. ಜೀತ, ಮುಟ್ಟಬಾರದು ಅನ್ನೋ ನಿಯಮ, ಅದರ ನಡುವ ನಗು, ಹೊಲಸು ಬೈಗುಳ, ಎಂಥಾ ಜನ! ಆದ್ರ ನನ್ನ ಕಣ್ಣು ಹುಲಿಯನ ಮ್ಯಾಲಽ. ಸಾಯ್ತೈತಿ ಅಂತ ಗೊತ್ತಿದ್ದೂ ಮೊದಲ ಪುಟಗಳಿಂದ ಅದನ್ನ ನೋಡ್ಕೋತ ಬರೋದು ಒಂದು ಥರಾ ಹಿಂಸಾ. ಹೊಳಿ ಭಾಗ ಬಂದಾಗ ಪುಸ್ತಕ ಮುಚ್ಚಿ ಅಂಗಳಕ್ಕ ಹೋಗಿ ನಿಂತೆ. ನಮ್ಮನ್ಯಾಗೂ ಒಂದು ನಾಯಿ ಇತ್ತು, ಅದರ ವಿಷಯ ಬ್ಯಾಡ ಬಿಡ್ರಿ.

ಆಮ್ಯಾಲ ಝೆರಾಕ್ಸ್ ಮತ್ತ ತೆಗದೆ. ಅಷ್ಟೆಲ್ಲಾ ಬರದಾಂವ ಹುಲಿಯಗ ಕೊಟ್ಟದ್ದು ಒಂದಽ ಸಾಲು, 'ನಿಷ್ಠೆಯ ಸಂಕೇತ'. ಸಂಕೇತ ಅಂತ, ಸಂಕೇತ! ನನಗ ದಾರಿ ತೋರಿಸಿದಾಂವ ಈ ವಿಮರ್ಶಕನಽ, ಅದಕ್ಕ ಋಣ ಐತಿ, ಆದ್ರ ಬಾಲ ಅಳ್ಳಾಡಿಸ್ಕೋತ ಗುತ್ತಿ ಹಿಂದ ಓಡೋ ಜೀವಕ್ಕ ಸಂಕೇತ ಅಂದ್ರ ನಾ ಒಪ್ಪಂಗಿಲ್ಲ.

ಮುಂದಿನ ರವಿವಾರ ಸರ್ ಮನಿಗೆ ಹೋಗಿ ಜಗಳ ತಗದೆ. ಅವರು ಎಲ್ಲಾ ಕೇಳಿ, "ಬರದಾಂವನ ಮನ್ಯಾಗ ನಾಯಿ ಇದ್ದಿರಲಿಕ್ಕಿಲ್ಲ ಬಿಡು" ಅಂದು ಝೆರಾಕ್ಸ್ ವಾಪಸ್ ಕೇಳಿದ್ರು. ಕೊಡ್ಲಿಲ್ಲ. ಅದರ ಮಾರ್ಜಿನ್‌ದಾಗ ಪೆನ್ಸಿಲ್‌ಲೇ ಬರಿಯೂದು ಇನ್ನೂ ಐತಿ.