ಕೊಡಗಿನ ಭರಣಿಯೊಳಗೆ ನಂದಿಯ ದ್ರಾಕ್ಷಿ

ಕುಶಾಲನಗರ ದಾಟಿ ಘಟ್ಟ ಹತ್ತಲು ಶುರು ಮಾಡಿದರೆ ರಸ್ತೆಬದಿಯ ಬೋರ್ಡುಗಳಲ್ಲಿ ಎಲ್ಲ ಕಡೆ ಒಂದೇ ಪಟ್ಟಿ. ಕಾಫಿ ಪುಡಿ, ಜೇನು, ಕರಿಮೆಣಸು, ಹೋಮ್‌ಮೇಡ್ ಚಾಕೊಲೇಟ್, ಹೋಮ್‌ಮೇಡ್ ವೈನ್. ಕಾಫಿ ಗಿಡ ಕಣ್ಣೆದುರೇ ಇದೆ, ಮೆಣಸಿನ ಬಳ್ಳಿ ಮರ ಮರಕ್ಕೂ ಹಬ್ಬಿದೆ. ಆದರೆ ಇಷ್ಟೊಂದು ವೈನ್ ಮಾರುವ ಜಿಲ್ಲೆಯಲ್ಲಿ ಒಂದು ದ್ರಾಕ್ಷಿ ಚಪ್ಪರವೂ ಕಾಣಲ್ವಲ್ಲ!

ಕಾರಣ ಮಳೆ. ದ್ರಾಕ್ಷಿಗೆ ಒಣ ಹವೆ ಬೇಕು. ಎಲೆ ಸದಾ ಒದ್ದೆಯಾಗಿದ್ದರೆ ಡೌನಿ ರೋಗ ಬಂದು ಬಳ್ಳಿಯನ್ನೇ ಮುಗಿಸುತ್ತದೆ. ಅದಕ್ಕೇ ಕರ್ನಾಟಕದ ದ್ರಾಕ್ಷಿ ಇರುವುದು ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರದಂಥ ಬಯಲು ಜಿಲ್ಲೆಗಳಲ್ಲಿ. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ ಮಾಡಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸಿ, ಬೇಸಿಗೆ ಬಲಿಯುವ ಮೊದಲು ಬೆಳೆ ತೆಗೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮಡಿಕೇರಿಯಲ್ಲಿ ಈ ಲೆಕ್ಕಾಚಾರ ಯಾವುದೂ ನಡೆಯಲ್ಲ.

ನಾವು ಹೋದದ್ದು ಜನವರಿ ಕೊನೆಗೆ. ರೊಬಸ್ಟಾ ಕೊಯ್ಲು ನಡೆಯುತ್ತಿತ್ತು, ಕಣದ ತುಂಬ ಕಾಫಿ ಹಣ್ಣು ಹರವಿದ್ದರು. ಜೊತೆಗಿದ್ದ ಗೆಳೆಯ ದೊಡ್ಡಬಳ್ಳಾಪುರದವನು. ವೈನ್ ಅಂದರೆ ಅವನಿಗೆ ಸ್ವಲ್ಪ ಊರಿನ ಜಂಬ. ನಂದಿ ಬೆಟ್ಟದ ಬುಡದಲ್ಲಿ 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಶುರುವಾದ ಕಥೆಯನ್ನು ಮೈಸೂರು ಬರುವಷ್ಟರಲ್ಲಿ ಪೂರ್ತಿ ಹೇಳಿ ಮುಗಿಸಿದ್ದ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ತಳಿಗಳನ್ನು ತಂದು ನೆಟ್ಟದ್ದು, ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್ ಅಲ್ಲಿ ಒಗ್ಗಿಕೊಂಡದ್ದು, ಆಮೇಲೆ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರನಾಗಿ ಬಂದದ್ದು. ಆಗ ನಮ್ಮಲ್ಲಿ ವೈನ್ ಅಂದರೆ ಸಿಹಿ ಪೋರ್ಟ್ ವೈನ್ ಅಷ್ಟೇ. ಅಂಥ ಕಾಲದಲ್ಲಿ ಸಿಹಿಯೇ ಇಲ್ಲದ, ನಾಲಿಗೆ ಹಿಡಿಯುವ ಕೆಂಪು ವೈನ್ ಮಾಡಿ ಮಾರುತ್ತೇನೆ ಅಂತ ಹೊರಡೋಕೆ ಗುಂಡಿಗೆ ಬೇಕು. ಅದನ್ನು ನಾನೂ ಒಪ್ಪುತ್ತೇನೆ. ಅವರ ‘ಲಾ ರಿಸರ್ವ್’ ಬಾಟಲಿಯೊಂದು ಅವನ ಬ್ಯಾಗಿನಲ್ಲೇ ಇತ್ತು.

ಮಡಿಕೇರಿಯ ಅಂಗಡಿಯೊಂದರಲ್ಲಿ ಮೊದಲ ರುಚಿ ನೋಡಿದೆವು. ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಒಂದೊಂದೇ ಗುಟುಕು. ದ್ರಾಕ್ಷಿ, ನೆಲ್ಲಿ, ಶುಂಠಿ, ಪ್ಯಾಶನ್ ಫ್ರೂಟ್, ವೀಳ್ಯದೆಲೆ, ಕೊನೆಗೆ ಗಾಂಧಾರಿ ಮೆಣಸು! ಮೆಣಸಿನದು ಮೊದಲು ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಬೆಂಕಿ. ವೀಳ್ಯದೆಲೆಯದು ಬೀಡಾ ತಿಂದಂತೆಯೇ. ಉಳಿದದ್ದೆಲ್ಲ ನನಗೆ ಸಕ್ಕರೆ ಪಾಕಕ್ಕೆ ಬಣ್ಣ, ವಾಸನೆ ಸೇರಿಸಿದ ಹಾಗೆ ಅನ್ನಿಸಿತು. ಲೇಬಲ್ ಮೇಲೆ ಮಾಡಿದವರ ವಿಳಾಸವಿಲ್ಲ, ಆಲ್ಕೋಹಾಲ್ ಎಷ್ಟು ಅಂತಲೂ ಇಲ್ಲ. ಲೈಸೆನ್ಸ್ ಇಲ್ಲದೆ ವೈನ್ ಮಾರುವುದು ಅಬಕಾರಿ ಕಾಯ್ದೆಗೆ ವಿರುದ್ಧ. ಆದರೂ ಪ್ರವಾಸಿಗರು ಡಜನ್ ಲೆಕ್ಕದಲ್ಲಿ ಒಯ್ಯುತ್ತಾರೆ. ನಾವು ಒಂದನ್ನೂ ಕೊಳ್ಳಲಿಲ್ಲ.

ನಿಜವಾದ ಮನೆ ವೈನ್ ಸಿಕ್ಕಿದ್ದು ಸಿದ್ದಾಪುರ ಕಡೆ ನಾವು ಉಳಿದುಕೊಂಡ ಹೋಮ್‌ಸ್ಟೇಯಲ್ಲಿ. ಮನೆಯ ಆಂಟಿ ಅಡುಗೆಮನೆ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಕತ್ತಲೆ ಕೋಣೆ. ಗೋಡೆಗೆ ತಾಗಿದಂತೆ ಉಪ್ಪಿನಕಾಯಿ ಹಾಕುವ ದೊಡ್ಡ ಭರಣಿಗಳು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಒಂದನ್ನು ಬಿಚ್ಚಿದರು. ಕಪ್ಪು ಸಿಪ್ಪೆಗಳೆಲ್ಲ ಮೇಲೆದ್ದು ದಪ್ಪ ಪದರ ಕಟ್ಟಿದ್ದವು. ಅಂಚಿನಲ್ಲಿ ನಸುಗೆಂಪು ನೊರೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುಸ್ಸ್ ಅನ್ನುವ ಸದ್ದು. ಮರದ ಸೌಟಿನಿಂದ ಪದರವನ್ನು ಕೆಳಕ್ಕೆ ಒತ್ತಿ ಕಲಕಿದರು. ಘಮ್ಮನೆ ಹುಳಿ-ಸಿಹಿ ವಾಸನೆ ಎದ್ದಿತು.

“ದಿನಾ ಕಲಕಬೇಕು. ಇಲ್ಲಾಂದ್ರೆ ಮೇಲಿನ ಸಿಪ್ಪೆಗೆ ಬೂಜು ಬರ್ತದೆ” ಅಂದರು.

“ಮುಚ್ಚಳ ಯಾಕೆ ಹಾಕಿಲ್ಲ ಆಂಟಿ?” ಗೆಳೆಯ ಕೇಳಿದ.

“ಗ್ಯಾಸ್ ಹೋಗ್ಬೇಕಲ್ಲ. ಬಿಗಿಯಾಗಿ ಮುಚ್ಚಿದ್ರೆ ಭರಣಿ ಒಡೆದು ಗೋಡೆಯೆಲ್ಲ ಕೆಂಪಾಗ್ತದೆ.”

ಅವರ ಲೆಕ್ಕ ಸರಳ. ತೊಳೆದು ಒರೆಸಿ ಹಿಸುಕಿದ ದ್ರಾಕ್ಷಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಸ್ವಲ್ಪ ಯೀಸ್ಟ್, ಒಂದು ಹಿಡಿ ಗೋಧಿ. 21 ದಿನ ಕಲಕಿ ಸೋಸುವುದು, ಮತ್ತೆ 21 ದಿನ ಅಲುಗಾಡಿಸದೆ ತಿಳಿಯಾಗಲು ಬಿಡುವುದು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಆಲ್ಕೋಹಾಲ್ ಏರುತ್ತಾ ಹೋದಂತೆ ಅದೇ ಯೀಸ್ಟ್ ಸೋತು ಸಾಯುತ್ತದೆ. ತಿನ್ನದೆ ಉಳಿದ ಸಕ್ಕರೆಯೇ ಮನೆ ವೈನಿನ ಸಿಹಿ. ವೀಳ್ಯದೆಲೆಗೂ ಮೆಣಸಿಗೂ ತಮ್ಮದೇ ಸಿಹಿ ಇಲ್ಲ ನೋಡಿ, ಹಾಗಾಗಿ ಅಲ್ಲಿ ವೈನ್ ಆಗುವುದು ಸಕ್ಕರೆ, ಎಲೆಯದು ಬರೀ ವಾಸನೆ.

“ದ್ರಾಕ್ಷಿ ಎಲ್ಲಿಂದ?” ಅಂದೆ.

“ಕುಶಾಲನಗರದಲ್ಲಿ ತಗೊಳ್ತೇವೆ. ಚಿಕ್ಕಬಳ್ಳಾಪುರ ಕಡೆಯಿಂದ ಬರ್ತದಂತೆ.”

ಗೆಳೆಯನ ಮುಖ ಊರಗಲ. ಅದು ಬೆಂಗಳೂರು ನೀಲಿ ದ್ರಾಕ್ಷಿ. ದಪ್ಪ ಸಿಪ್ಪೆ, ಒಳಗೆ ಬೀಜ, ಮಾರು ದೂರಕ್ಕೆ ಬರುವ ಪರಿಮಳ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ತಳಿ. ಗ್ರೋವರ್ ಫ್ರೆಂಚ್ ಬಳ್ಳಿ ನೆಡುವುದಕ್ಕೂ ಎಷ್ಟೋ ಮೊದಲಿನಿಂದ ನಂದಿಯ ಸುತ್ತ ರೈತರು ಇದನ್ನೇ ಬೆಳೆಯುತ್ತಿದ್ದರು. ಒಂದೇ ಸೀಮೆಯ ಎರಡು ದ್ರಾಕ್ಷಿ. ಒಂದು ಓಕ್ ಪೀಪಾಯಿ ಸೇರಿತು, ಇನ್ನೊಂದು ಲಾರಿ ಹತ್ತಿ ಕೊಡಗಿನ ಭರಣಿ ಸೇರಿತು.

ರಾತ್ರಿ ಎರಡೂ ವೈನನ್ನು ಪಂದಿಕರಿ (ಹಂದಿ ಮಾಂಸದ ಸಾರು), ಅಕ್ಕಿ ತರಿಯ ಉಂಡೆ ಕಡಂಬುಟ್ಟಿನ ಜೊತೆ ಇಟ್ಟುಕೊಂಡು ಕೂತೆವು. ಲಾ ರಿಸರ್ವ್ ಅನ್ನು ಬರಿದೇ ಕುಡಿದಾಗ ಚೆನ್ನಾಗಿತ್ತು. ಕ್ಯಾಬರ್ನೆ, ಶಿರಾಜ್ ಎರಡೂ ಸೇರಿದ ಗಟ್ಟಿ ವೈನ್, ಓಕ್ ಮರದ ಘಮ. ಹಂದಿಯ ಕೊಬ್ಬಿಗೂ ಸರಿಹೋಯಿತು. ಆದರೆ ಪಂದಿಕರಿ ಅಂದರೆ ಬರೀ ಕೊಬ್ಬಲ್ಲ, ಹುರಿದ ಕರಿಮೆಣಸು ಮತ್ತು ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ. ಆ ಖಾರ, ಆ ಹುಳಿ ಬಾಯಲ್ಲಿ ಇರುವಾಗ ಒಣ ಕೆಂಪು ವೈನ್ ಕಹಿಯಾಯಿತು. ಆಂಟಿಯ ವೈನ್ ಹಿಡಿದದ್ದು ಆಗಲೇ. ಬರಿದೇ ಕುಡಿದರೆ ನನಗೆ ಸಿಹಿ ಜಾಸ್ತಿ. ಪಂದಿಕರಿಯ ಮೇಲೆ ಅದೇ ಸಿಹಿ ಖಾರವನ್ನು ತಗ್ಗಿಸಿ ಇನ್ನೊಂದು ತುಣುಕು ಬೇಕು ಅನ್ನಿಸಿತು. ಗೆಳೆಯ ವಾದ ಮಾಡಿದ, ಆದರೆ ಕೈ ಮಾತ್ರ ಆಂಟಿಯ ಜಗ್ಗಿನ ಕಡೆಗೇ ಹೋಗುತ್ತಿತ್ತು.

ಕೊಡಗಿಗೂ ಒಂದು ನಂದಿಯಂಥ ವೈನರಿ ಬರಬೇಕು ಅಂತ ಅವನ ಆಸೆ. ನನ್ನ ಪ್ರಕಾರ ಬರಲಿ, ಆದರೆ ದ್ರಾಕ್ಷಿಯದ್ದು ಬೇಡ. ಮರುದಿನ ಚೆಟ್ಟಳ್ಳಿ ಮೇಲೆ ಹಾದುಹೋದೆವು. ಅಲ್ಲಿನ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲೇ ‘ಕಾವೇರಿ’ ಎಂಬ ಪ್ಯಾಶನ್ ಫ್ರೂಟ್ ತಳಿ ಹುಟ್ಟಿದ್ದು. ಹುಳಿ, ಪರಿಮಳ ಎರಡೂ ತುಂಬಿದ ಹಣ್ಣು, ಇಲ್ಲಿನ ಮಳೆಗೆ ಒಗ್ಗಿದ್ದು. ಸಕ್ಕರೆ ಕಡಿಮೆ ಹಾಕಿ, ಲೈಸೆನ್ಸ್ ತಗೊಂಡು, ಬಾಟಲಿ ಮೇಲೆ ಹೆಸರು ವಿಳಾಸ ಬರೆದು ಯಾರಾದರೂ ಇದರ ವೈನ್ ಮಾಡಿದರೆ ನಾನು ದುಡ್ಡು ಕೊಟ್ಟು ಕುಡಿಯುತ್ತೇನೆ. ಸರ್ಕಾರ 2007ರಲ್ಲಿ ತಂದ ವೈನ್ ನೀತಿಯ ಹೆಸರಿನಲ್ಲೇ ದ್ರಾಕ್ಷಿ ಇದೆ. ಮಲೆನಾಡಿನ ಹಣ್ಣುಗಳಿಗೂ ಅಷ್ಟು ಮುತುವರ್ಜಿ ತೋರಿಸಬಹುದಿತ್ತು, ಅಲ್ವಾ?

ಹೊರಡುವ ಮುಂಚೆ ಒಂದು ಬಾಟಲಿ ಮನೆ ವೈನ್ ಕೊಡ್ತೀರಾ ಅಂತ ಆಂಟಿಯನ್ನು ಕೇಳಿದ್ದೆವು. “ಮಾರೋಕೆ ಮಾಡಿದ್ದಲ್ಲ, ಕುಡಿಯೋದಾದ್ರೆ ಇಲ್ಲಿಗೇ ಬನ್ನಿ” ಅಂದರು. ಆಮೇಲೆ ಮೇಜಿನ ಮೇಲಿದ್ದ ಲಾ ರಿಸರ್ವ್ ಬಾಟಲಿ ಎತ್ತಿ, ತಳ ತಿರುಗಿಸಿ ನೋಡಿ, “ಇದನ್ನು ಮಾತ್ರ ಬಿಟ್ಟು ಹೋಗಿ, ಗಾಜು ಒಳ್ಳೆ ದಪ್ಪ ಇದೆ” ಅಂದರು.